ಮುಳುಗಿದ ದೋಣಿಯ ಫೋಟೊ

ಹೆಣದ ಫೋಟೊ ತೆಗೆಯುವುದರಲ್ಲಿ ಚಂದ್ರಯ್ಯನಿಗೆ ಸಾಗರದ ಸುತ್ತಮುತ್ತ ಒಳ್ಳೆಯ ಹೆಸರಿತ್ತು. ಬದುಕಿದ್ದಾಗ ಒಮ್ಮೆಯೂ ಕ್ಯಾಮೆರಾದ ಮುಂದೆ ನಿಲ್ಲದವರು ಸತ್ತ ಮೇಲಾದರೂ ಒಮ್ಮೆ ಕೂರಲೇಬೇಕು ಎಂದು ಮನೆಯವರು ಹಟ ಹಿಡಿಯುತ್ತಿದ್ದ ಕಾಲ ಅದು. ಯಾರಾದರೂ ಓಡಿಬಂದು ಹೇಳಿದರೆ ಸಾಕು, ಚಂದ್ರಯ್ಯ ಕ್ಯಾಮೆರಾ, ಫ್ಲ್ಯಾಶ್ ಗನ್ನು, ಅರ್ಧ ಡಜನ್ ಬಲ್ಬು ಚೀಲಕ್ಕೆ ತುಂಬಿಕೊಂಡು ಹೊರಟುಬಿಡುತ್ತಿದ್ದ. ಹಗಲಲ್ಲೂ ಕತ್ತಲಿರುವ ಜಗಲಿಯಲ್ಲಿ ಹೆಣವನ್ನು ಗೋಡೆಗೆ ಒರಗಿಸಿ, ಕತ್ತು ವಾಲದಂತೆ ಹಿಂದಿನಿಂದ ಒಂದು ದಿಂಬು ಕೊಟ್ಟು, ಬಲ್ಬು ಹಾರಿಸುತ್ತಿದ್ದ. ಆ ಬೆಳಕಿಗೆ ಅಳುತ್ತಿದ್ದವರೂ ಅರೆಗಳಿಗೆ ಅಳು ಮರೆಯುತ್ತಿದ್ದರು.

ಊರಿಗೆಲ್ಲ ಕೊನೆಯ ಫೋಟೊ ತೆಗೆದುಕೊಟ್ಟ ಈ ಪುಣ್ಯಾತ್ಮನಿಗೆ ತನ್ನ ಹೆಂಡತಿಯದು ತೆಗೆಯುವ ಯೋಗ ಬರಲಿಲ್ಲ. ದೋಣಿ ಮುಳುಗಿದ ನಾಲ್ಕನೆಯ ದಿನ ಹಿನ್ನೀರಿನ ಅಂಚಿನಲ್ಲಿ ಸಿಕ್ಕಿದ ಹೂವಮ್ಮನನ್ನು ನೋಡಿ ಅವನೇ ಅವಳ ಮುಖದ ಮೇಲೆ ಬಟ್ಟೆ ಎಳೆದ. ಯಾರಿಗೂ ತೋರಿಸಬೇಡಿ, ಅವಳ ತಾಯಿಗಂತೂ ತೋರಿಸಲೇಬೇಡಿ ಎಂದ.

ಅದು ಅರವತ್ತೇಳರ ಡಿಸೆಂಬರ್. ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟೆ ಬಿದ್ದು, ಚಂದ್ರಯ್ಯನ ಊರಾದ ಹೊಳೆಕೊಪ್ಪ ನೀರಿನಡಿಗೆ ಹೋಗಿ ಆಗಲೇ ಮೂರು ವರ್ಷ ಕಳೆದಿತ್ತು. ಊರವರು ಹತ್ತು ಕಡೆ ಚೆದುರಿದ್ದರು. ಚಂದ್ರಯ್ಯ ಸಾಗರದ ಪೇಟೆಯಲ್ಲಿ ಸ್ಟುಡಿಯೊ ಇಟ್ಟ. ಅವನ ಮನೆಯ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುತ್ತಿದ್ದ ದುಗ್ಗಪ್ಪನಿಗೆ ಹತ್ತಲು ಮರವೇ ಉಳಿಯಲಿಲ್ಲವಾಗಿ, ಅವನು ಒಂದು ದೋಣಿ ಮಾಡಿಕೊಂಡು ನೀರಿನ ಈ ದಡದಿಂದ ಆ ದಡಕ್ಕೆ ಜನ ದಾಟಿಸತೊಡಗಿದ. ಹೂವಮ್ಮ ತುಮರಿ ಕಡೆಯ ನೆಂಟರ ಮನೆಗೆ, ಅವರ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಹೋದವಳು ಅವನ ದೋಣಿಯಲ್ಲೇ ಹಿಂತಿರುಗುತ್ತಿದ್ದಳು. ಬೆಳಗಿನ ಹೊತ್ತು, ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಯಾರದೋ ಹೊಸ ಮನೆಗೆಂದು ಹೇರಿದ್ದ ಹಂಚು, ಮೇಲೆ ದುಗ್ಗಪ್ಪನೂ ಸೇರಿ ಒಂಬತ್ತು ಜನ. ನಡುನೀರಿನಲ್ಲಿ ಏನೋ ಮುರಿದ ಸದ್ದಾಯಿತಂತೆ. ಆಮೇಲೆ ಹಂಚಿನ ಭಾರಕ್ಕೆ ದೋಣಿ ಸೀದಾ ಕೆಳಗಿಳಿಯಿತು. ದುಗ್ಗಪ್ಪ ಮೂವರನ್ನು ಎಳೆದು ತಂದ. ಐವರು ಹೋದರು.

ಮರ ಹೊಡೆಯಿತು ಎಂದ ದುಗ್ಗಪ್ಪ. ಮುಳುಗಡೆಯ ಕಾಡನ್ನು ಪೂರ್ತಿ ಕಡಿಯದೆ ನೀರು ಬಿಟ್ಟಿದ್ದರಿಂದ ಒಣಮರಗಳು ನೀರಿನೊಳಗೆ ನಿಂತೇ ಇದ್ದದ್ದು ಎಲ್ಲರಿಗೂ ಗೊತ್ತು. ಆದರೆ ದೋಣಿ ಹೋಗುವ ದಾರಿಯಲ್ಲಿ ಅಂಥ ಮರವಿಲ್ಲ, ಅವನು ಹೆಂಡ ಕುಡಿದಿದ್ದ, ದೋಣಿಯ ಹಲಗೆ ಕೊಳೆತಿತ್ತು ಎಂದು ದಡದಲ್ಲಿ ನಿಂತವರೆಲ್ಲ ಹೇಳಿದರು. ದಡದಲ್ಲಿ ನಿಂತವರಿಗೆ ಯಾವಾಗಲೂ ಎಲ್ಲವೂ ಗೊತ್ತಿರುತ್ತದೆ. ದುಗ್ಗಪ್ಪನನ್ನು ಸಾಗರದ ಜೈಲಿಗೆ ಹಾಕಿದರು.

ಆಗ ಅತ್ಯಂತ ಸಮಾಧಾನಪಟ್ಟವನು ಚಂದ್ರಯ್ಯನೇ. ಹೂವಮ್ಮ ಸುಮ್ಮನೆ ಸತ್ತಳು ಎನ್ನುವುದಕ್ಕಿಂತ ಒಬ್ಬ ಕುಡುಕ ಅವಳನ್ನು ಕೊಂದ ಎನ್ನುವುದು ಅವನಿಗೆ ಹಿಡಿದುಕೊಳ್ಳಲು ಒಂದು ಆಸರೆಯಾಯಿತು. ತೀರ್ಥಹಳ್ಳಿ ಕಡೆಯಿಂದ ಬಂದು ಅವನ ಮನೆಯಲ್ಲೇ ಉಳಿದಿದ್ದ ಅತ್ತೆ ಯಮುನಮ್ಮನಿಗೂ ಅಷ್ಟೇ. ಒಬ್ಬಳೇ ಮಗಳನ್ನು ಕಳೆದುಕೊಂಡ ಆಕೆ ಬೆಳಿಗ್ಗೆ ಎದ್ದು ಒಲೆ ಹಚ್ಚುವ ಮೊದಲು ದುಗ್ಗಪ್ಪನಿಗೆ ಹಿಡಿಶಾಪ ಹಾಕುತ್ತಿದ್ದಳು, ರಾತ್ರಿ ದೀಪ ಆರಿಸುವ ಮೊದಲು ಇನ್ನೊಮ್ಮೆ ಹಾಕುತ್ತಿದ್ದಳು. ಅಳಿಯ ಅತ್ತೆ ಮಾತನಾಡಿಕೊಳ್ಳುತ್ತಿದ್ದ ವಿಷಯವೂ ಅದೊಂದೇ.

ಜನವರಿಯಲ್ಲಿ ಒಂದು ಮಧ್ಯಾಹ್ನ ದುಗ್ಗಪ್ಪನ ಹೆಂಡತಿ ವರದಮ್ಮ ಸ್ಟುಡಿಯೊದ ಮೆಟ್ಟಿಲ ಕೆಳಗೆ ಬಂದು ನಿಂತಳು. ಹಿಂದೆ ಅವಳ ತಮ್ಮ ತಿಮ್ಮಣ್ಣ.

"ಅಯ್ಯ, ನಮ್ ತಿಮ್ಮಣ್ಣ ಮುಳುಗಿ ನೋಡ್ಕಂಡು ಬಂದಾನೆ. ದೋಣಿ ಮರದ ಮೇಲೇ ಕೂತದೆ, ಅಡೀಲಿ ತೂತು ಬಿದ್ದದೆ. ಕೈಯಲ್ಲಿ ಮುಟ್ಟಿ ನೋಡಿದನಂತೆ. ಆದ್ರೆ ಪೊಲೀಸ್ರು, ನೀನು ಅವನ ಭಾವಮೈದ, ನಿನ್ ಮಾತು ಯಾರು ಕೇಳ್ತಾರೆ ಅಂತಾರೆ. ಲಾಯರು ಒಂದು ಫೋಟ ಇದ್ರೆ ಸಾಕು ಅಂದ್ರು."

"ನೀರಿನೊಳಗಿನ ಫೋಟೊ ತೆಗಿಯೋಕೆ ನನ್ನ ಹತ್ರ ಯಾಕೆ ಬಂದಿ?"

"ಕತ್ತಲೇಲಿ ಬೆಳಕು ಮಾಡೋ ಬಲ್ಬು ಇರೋದು ನಿಮ್ಮ ಹತ್ರ ಮಾತ್ರ, ಅಯ್ಯ."

ಚಂದ್ರಯ್ಯ ಬಾಗಿಲು ಹಾಕಿಕೊಳ್ಳಬೇಕೆಂದಿದ್ದ. ಆದರೆ ಅವನೊಳಗೆ ಬೇರೊಂದು ಲೆಕ್ಕ ಶುರುವಾಯಿತು. ಫೋಟೊ ತೆಗೆದೇ ತೆಗೆಯುತ್ತೇನೆ, ತೂತು ಇಲ್ಲ ಎಂಬುದನ್ನೂ ಅದೇ ಫೋಟೊ ಹೇಳುತ್ತದಲ್ಲ, ಕೊಳೆತ ಹಲಗೆ ಬಾಯಿ ಬಿಟ್ಟಿದ್ದರೆ ಅದೂ ಕಾಣುತ್ತದಲ್ಲ. ಆಮೇಲೆ ಯಾವ ಲಾಯರು ಬಂದರೂ ದುಗ್ಗಪ್ಪನನ್ನು ಬಿಡಿಸಲಾರ. ಆಯಿತು ಎಂದುಬಿಟ್ಟ. ವರದಮ್ಮ ಮೆಟ್ಟಿಲಿಗೆ ಹಣೆ ಮುಟ್ಟಿಸಿದಳು, ಪಾಪ.

ಕೆಲಸಕ್ಕೆ ಕೂತ ಮೇಲೆ ಮಾತ್ರ ಚಂದ್ರಯ್ಯ ಅಪ್ಪಟ ಕಸುಬುದಾರ. ತಗಡಿನ ಕೆಲಸದವನಿಂದ ಒಂದು ಪೆಟ್ಟಿಗೆ ಮಾಡಿಸಿ ಮುಂದೆ ಗಾಜು ಕೂರಿಸಿದ. ಸುತ್ತ ಸೈಕಲ್ ಟ್ಯೂಬಿನ ರಬ್ಬರು, ಸಂದಿಗೆಲ್ಲ ಮೇಣ, ತೇಲದಂತೆ ಒಳಗೆ ನಾಲ್ಕು ತೂಕದ ಕಲ್ಲು. ಶಟರ್ ಒತ್ತಲು ಒಂದು ಸರಿಗೆಯನ್ನು ರಬ್ಬರಿನೊಳಗಿಂದ ಹೊರಗೆ ತಂದ. ಫ್ಲ್ಯಾಶಿನ ಚಿಂತೆ ಹೆಚ್ಚಿತ್ತು. ಒಂದು ಬಲ್ಬನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಹಾರಿಸಿ ನೋಡಿದರೆ, ಆಶ್ಚರ್ಯ, ನೆಂದರೂ ಅದು ಝಗ್ಗನೆ ಹತ್ತಿತು. ಹಾಗಾಗಿ ಬ್ಯಾಟರಿಯನ್ನು ಕ್ಯಾಮೆರಾದ ಜೊತೆ ಪೆಟ್ಟಿಗೆಯೊಳಗಿಟ್ಟು, ಬಲ್ಬನ್ನೂ ಅದರ ಹಿಂದಿನ ತಟ್ಟೆಯನ್ನೂ ಪೆಟ್ಟಿಗೆಯ ನೆತ್ತಿಯ ಮೇಲೆ ಕೂರಿಸಿದ. ಒಂದು ಮುಳುಗಿಗೆ ಒಂದು ಬಲ್ಬು, ಒಂದು ಫೋಟೊ. ಮತ್ತೆ ಬೇಕೆಂದರೆ ಮೇಲೆ ಬಂದು, ಒರೆಸಿ, ಬಿಚ್ಚಿ, ಫಿಲ್ಮು ತಿರುಗಿಸಿ, ಮೇಣ ಹಚ್ಚಿ ಇಳಿಯಬೇಕು.

ತಿಮ್ಮಣ್ಣ ಇನ್ನೊಂದು ದೋಣಿಯಲ್ಲಿ ಕರೆದುಕೊಂಡು ಹೋದ. ಕೆಳಗೆಲ್ಲೋ ಹೊಳೆಕೊಪ್ಪವಿದೆ ಎಂದು ಚಂದ್ರಯ್ಯನಿಗೆ ಗೊತ್ತು. ಆದರೆ ಎಲ್ಲಿ ಮನೆ, ಎಲ್ಲಿ ಗದ್ದೆ ಎಂದು ಹೇಳಲು ನೀರಿನ ಮೇಲೆ ಒಂದು ಗುರುತೂ ಇರಲಿಲ್ಲ. ಮೂರು ವರ್ಷದಲ್ಲಿ ಅವನು ಒಮ್ಮೆಯೂ ಇತ್ತ ಬಂದಿರಲಿಲ್ಲ. ಹೊಳೆದಡದಲ್ಲಿ ಬೆಳೆದವನಾದ್ದರಿಂದ ಮುಳುಗುವುದು ಕಷ್ಟವಾಗಲಿಲ್ಲ. ಎರಡಾಳು ಕೆಳಗೆ ಹೋಗುವಷ್ಟರಲ್ಲಿ ಬೆಳಕೆಲ್ಲ ಕಷಾಯದ ಬಣ್ಣಕ್ಕೆ ತಿರುಗಿ, ಎದುರಿಗೆ ಒಂದು ಕಪ್ಪು ರಾಶಿ ಮಾತ್ರ ಕಂಡಿತು. ಅದೇ ದೋಣಿ ಎಂದು ತಿಮ್ಮಣ್ಣ ಅವನ ಕೈ ಹಿಡಿದು ಮುಟ್ಟಿಸಿದ. ಹೂವಮ್ಮ ಕೊನೆಯ ಬಾರಿ ಕೂತಿದ್ದ ಹಲಗೆ ಇದರಲ್ಲೇ ಎಲ್ಲೋ ಇದೆ ಎಂದು ನೆನಪಾಗಿ ಚಂದ್ರಯ್ಯನಿಗೆ ಉಸಿರು ತಡೆಯಲಾಗಲಿಲ್ಲ. ಕುರುಡಾಗಿ ಸರಿಗೆ ಎಳೆದು ಮೇಲೆ ಬಂದ. ಅಂದು ಐದು ಬಾರಿ ಇಳಿದರು.

ಐದು ಫೋಟೊದಲ್ಲೂ ಬಿಳಿ ಚುಕ್ಕೆ ಬಿಟ್ಟರೆ ಬೇರೇನೂ ಇಲ್ಲ. ಅರಳು ಹುರಿದು ಚೆಲ್ಲಿದ ಹಾಗೆ ಕಾಗದದ ತುಂಬ ಬರೀ ಬಿಳುಪು. ನೀರಿನಲ್ಲಿದ್ದ ಕಸ, ಕೊಳೆತ ಎಲೆಯ ಪುಡಿ, ಕೆಸರು, ಎಲ್ಲ ಬಲ್ಬಿನ ಬೆಳಕನ್ನು ತಾವೇ ತಿಂದು ಕ್ಯಾಮೆರಾದ ಮುಖಕ್ಕೆ ಉಗುಳಿದ್ದವು. ಫೋಟೊ ನೋಡಿ ವರದಮ್ಮ, "ಇದು ಎಂತ ಅಯ್ಯ, ಮಳೆ ಬಂದಂಗದೆ" ಎಂದಳು. ಚಂದ್ರಯ್ಯನಿಗೆ ಅವಮಾನವಾಯಿತು. ದುಗ್ಗಪ್ಪನ ಮೇಲಿನ ಸಿಟ್ಟನ್ನೂ ಮರೆಸುವಷ್ಟು ಅವಮಾನ.

ಅದಾದ ವಾರಕ್ಕೆ ಹುಂಚದಲ್ಲಿ ಒಂದು ಮದುವೆ ಇತ್ತು. ಪದ್ಮಣ್ಣ ಎಂಬ ಜೈನ ವರ್ತಕರ ಮಗಳದು. ಫೋಟೊ ತೆಗೆಯಲು ಹೊರಟ ಚಂದ್ರಯ್ಯ ಬೆಳಗಿನ ಮೊದಲ ಬಸ್ಸಿನಲ್ಲಿ ಡ್ರೈವರನ ಪಕ್ಕ ಕೂತಿದ್ದ. ಹೊಸನಗರ ದಾಟುತ್ತಲೇ ಮಂಜು ಕವಿಯಿತು. ಡ್ರೈವರು ದೀಪ ಆರಿಸಿಬಿಟ್ಟ.

"ಇದೆಂತ ಮಾಡ್ತೀರಿ, ದೀಪ ಹಾಕಿ ಮಾರಾಯ್ರೆ!"

"ದೀಪ ಹಾಕಿದ್ರೆ ಮಂಜು ಮಾತ್ರ ಕಾಣ್ತದೆ, ರಸ್ತೆ ಕಾಣಲ್ಲ. ಸುಮ್ನೆ ಕೂತ್ಕಳಿ."

ಕಂಡಕ್ಟರು ಲಾಟೀನು ಹಿಡಿದು ಇಳಿದು, ಬಸ್ಸಿನಿಂದ ದೂರ, ರಸ್ತೆಯ ಅಂಚಿನಲ್ಲಿ ನಡೆಯತೊಡಗಿದ. ಪಕ್ಕದಿಂದ ಬಿದ್ದ ಆ ಪುಟ್ಟ ಬೆಳಕಿಗೆ ಚರಂಡಿ, ಕಲ್ಲು, ರಸ್ತೆಯ ತಿರುವು ಎಲ್ಲ ಸ್ಪಷ್ಟ ಕಂಡಿತು. ಚಂದ್ರಯ್ಯ ತನ್ನ ಹಣೆ ತಾನೇ ಬಡಿದುಕೊಂಡ. ತಪ್ಪು ಬೆಳಕಿನದಲ್ಲ, ಬೆಳಕನ್ನು ಕ್ಯಾಮೆರಾದ ಕಣ್ಣಿನ ಪಕ್ಕದಲ್ಲೇ ಇಟ್ಟ ತನ್ನ ಮಂಡೆಯದು. ಅಂದು ಮದುಮಗಳ ಫೋಟೊ ಎಷ್ಟು ಚೆನ್ನಾಗಿ ಬಂತೋ ದೇವರಿಗೇ ಗೊತ್ತು, ಅವನ ಮನಸ್ಸೆಲ್ಲ ನೀರಿನಡಿಯಲ್ಲಿತ್ತು.

ಈ ಸಲ ಬಲ್ಬನ್ನು ಪೆಟ್ಟಿಗೆಯಿಂದ ಕಿತ್ತು ಮೂರು ಮೊಳದ ಬಿದಿರಿನ ತುದಿಗೆ ಕಟ್ಟಿದ. ತಂತಿಯನ್ನು ಬಿದಿರಿನ ಉದ್ದಕ್ಕೂ ಸುತ್ತಿ ಪೆಟ್ಟಿಗೆಯವರೆಗೆ ತಂದ. ತಾನು ಕ್ಯಾಮೆರಾ ಹಿಡಿಯುವುದು, ತಿಮ್ಮಣ್ಣ ಬಿದಿರು ಹಿಡಿದು ಒಂದು ಮಗ್ಗುಲಿಗೆ ಸರಿದು, ದೋಣಿಗೆ ಓರೆಯಾಗಿ ಬೆಳಕು ಬೀಳುವಂತೆ ನಿಲ್ಲುವುದು. ದಡದಲ್ಲಿ ನಾಲ್ಕು ದಿನ ಇಬ್ಬರೂ ಉಸಿರು ಕಟ್ಟಿ ಕವಾಯತು ಮಾಡಿದರು. ನೋಡಿದವರು ನಕ್ಕರು. ಫೆಬ್ರವರಿಯ ಹೊತ್ತಿಗೆ ನೀರೂ ಸ್ವಲ್ಪ ತಿಳಿಯಾಗಿತ್ತು. ಬಿಸಿಲು ನೆತ್ತಿಗೆ ಬಂದಾಗ ಇಳಿದರು. ಚಂದ್ರಯ್ಯ ದೋಣಿಯ ಅಡಿಗೆ ನುಸುಳಿ, ಕಾಲಿನಿಂದ ಒಂದು ಕೊಂಬೆ ತಬ್ಬಿ ನಿಂತು, ಸರಿಗೆ ಎಳೆದ. ಪಕ್ಕದಿಂದ ಬೆಳಕು ಬಂತು. ಆ ಕ್ಷಣದಲ್ಲಿ ಹಲಗೆ, ಹಲಗೆಯ ಮೊಳೆ, ಏನೇನೋ ಕಂಡಿತು. ಏನು ಕಂಡಿತೆಂದು ತಿಳಿಯುವ ಮೊದಲೇ ಮತ್ತೆ ಕತ್ತಲಾಯಿತು.

ಸ್ಟುಡಿಯೊದ ಹಿಂದಿನ ಕತ್ತಲೆ ಕೋಣೆಯಲ್ಲಿ, ಕೆಂಪು ದೀಪದ ಕೆಳಗೆ, ಟ್ರೇಯ ಮದ್ದಿನ ನೀರಿನೊಳಗೆ ಕಾಗದ ಅಲ್ಲಾಡಿಸುತ್ತ ನಿಂತ. ಮೊದಲು ದೋಣಿಯ ಅಂಚು ಮೂಡಿತು. ಆಮೇಲೆ ತೂತು. ಅಂಗೈ ಅಗಲದ ತೂತು, ಒಡೆದ ಹಲಗೆಯ ಸೀಳು ಒಳಮುಖವಾಗಿ ಚಾಚಿತ್ತು, ಹಲಗೆಯ ಹೊಸ ಗಾಯ ಬೆಳ್ಳಗೆ ಕಾಣುತ್ತಿತ್ತು. ಕೊಳೆತ ಹಲಗೆ ಹಾಗೆ ಒಡೆಯುವುದಿಲ್ಲ. ತೂತಿನೊಳಗೆ ನುಗ್ಗಿ ನಿಂತಿತ್ತು ತೋಳು ಗಾತ್ರದ ಒಣ ಕೊಂಬೆ. ದುಗ್ಗಪ್ಪ ಹೇಳಿದ್ದು ನಿಜ. ಚಂದ್ರಯ್ಯನಿಗೆ ಕೈಯಲ್ಲಿದ್ದದ್ದನ್ನು ಯಾರೋ ಕಸಿದುಕೊಂಡ ಹಾಗಾಯಿತು. ಕಾಗದವನ್ನು ಹರಿದುಬಿಡಲೇ ಎಂದೂ ಒಮ್ಮೆ ಅನ್ನಿಸಿತು. ಅಷ್ಟರಲ್ಲಿ ಫೋಟೊದ ಎಡತುದಿಯಲ್ಲಿ ಇನ್ನೊಂದು ವಸ್ತು ಮೆಲ್ಲನೆ ಮೂಡಿತು. ಕೊಂಬೆಗೆ ಸರಪಳಿಯಲ್ಲಿ ಕಟ್ಟಿದ ಒಂದು ಗಂಟೆ.

ಹೊಳೆಕೊಪ್ಪದ ಗದ್ದೆ ಬಯಲಿನ ಕೊನೆಯಲ್ಲಿ ಚಂದ್ರಯ್ಯನ ಮನೆತನಕ್ಕೆ ಸೇರಿದ, ಚೌಡಿ ದೇವತೆ ನೆಲೆಸಿದ ಮರವಿತ್ತು, ಮುಗಿಲೆತ್ತರದ ಧೂಪದ ಮರ. ಹರಕೆ ಹೊತ್ತವರು ಅದಕ್ಕೆ ಗಂಟೆ ಕಟ್ಟುತ್ತಿದ್ದರು, ಎಷ್ಟು ಎತ್ತರಕ್ಕೆ ಕಟ್ಟಿದರೆ ಚೌಡಿಗೆ ಅಷ್ಟು ಬೇಗ ಕೇಳುತ್ತದೆ ಎಂದು ಆ ಊರಿನ ನಂಬಿಕೆ. ಮದುವೆಯಾಗಿ ಆರು ವರ್ಷವಾದರೂ ಮಡಿಲು ತುಂಬದ ಹೂವಮ್ಮ ಒಂದು ಗಂಟೆ ಮಾಡಿಸಿ, ಮರ ಹತ್ತುವುದರಲ್ಲಿ ಎತ್ತಿದ ಕೈಯಾದ ದುಗ್ಗಪ್ಪನಿಂದ ತುತ್ತತುದಿಯ ಕೊಂಬೆಗೆ ಕಟ್ಟಿಸಿದ್ದಳು. ಅಷ್ಟು ಮೇಲೆ ಬೇರೆ ಯಾರ ಗಂಟೆಯೂ ಇರಲಿಲ್ಲ. ಮರುವರ್ಷ ಮುಳುಗಡೆಯ ಮರ ಕಡಿಯುವ ತಂಡ ಬಂತು. ಚೌಡಿಯ ಮರಕ್ಕೆ ಹೊರಗಿನವರು ಕೊಡಲಿ ಹಾಕುವಂತಿಲ್ಲ. ಮನೆಯ ಯಜಮಾನ ಪೂಜೆ ಮಾಡಿ, ಅಪ್ಪಣೆ ಬೇಡಿ, ಚೌಡಿಯನ್ನು ಒಂದು ಕಲ್ಲಿಗೆ ಇಳಿಸಿಕೊಂಡು ಹೊಸ ಜಾಗಕ್ಕೆ ಒಯ್ದು, ಮೊದಲ ಏಟನ್ನು ತಾನೇ ಹಾಕಿಕೊಡಬೇಕು. ಚಂದ್ರಯ್ಯ ಎಲ್ಲ ಸಿದ್ಧ ಮಾಡಿದ್ದ. ಹಿಂದಿನ ರಾತ್ರಿ ಹೂವಮ್ಮ ಅವನ ಕಾಲು ಹಿಡಿದಳು. "ನನ್ ಹರಕೆ ಇನ್ನೂ ತೀರಿಲ್ಲ. ಗಂಟೆ ಸಮೇತ ಮರ ಉರುಳಿಸಿದ್ರೆ ನಂಗೆ ಮಕ್ಕಳೇ ಆಗಲ್ಲ. ಹೆಂಗೂ ನೀರು ಮುಚ್ಚತ್ತಲ್ಲ, ನಿಂತಿರ್ಲಿ ಬಿಡಿ" ಎಂದು ಅತ್ತಳು. ಬೆಳಿಗ್ಗೆ ಚಂದ್ರಯ್ಯ ತಂಡದವರನ್ನು ವಾಪಸು ಕಳಿಸಿದ. ಕಾರಣ ಕೇಳಿದವರಿಗೆ, ನಮ್ಮ ಚೌಡಿ, ನಮ್ಮಿಷ್ಟ ಎಂದ. ಹೆಂಡತಿಯ ಮಾತಿಗೆ ಸೋತೆ ಎಂದು ಹೇಳಲು ನಾಚಿಕೆ.

ಆ ಮರ ಈಗ ಸತ್ತು, ತೊಗಟೆ ಕಳಚಿ, ಗಂಟೆ ಕಟ್ಟಿಕೊಂಡು ದೋಣಿ ಹಾಯುವಲ್ಲೇ ನಿಂತಿತ್ತು. ಚಂದ್ರಯ್ಯ ಕೆಂಪು ದೀಪದ ಕೆಳಗೆ ನೆಲದ ಮೇಲೆ ಕುಸಿದು ಕೂತು ಅತ್ತ. ಹೆಂಡತಿ ಹೋದಾಗಲೂ ಅವನು ಹಾಗೆ ಅತ್ತಿರಲಿಲ್ಲ.

ಮರುದಿನ ಲಾಯರ ಜೊತೆ ಜೈಲಿಗೆ ಹೋಗಿ, ಸರಳಿನಾಚೆ ನಿಂತಿದ್ದ ದುಗ್ಗಪ್ಪನ ಕೈಗೆ ಫೋಟೊ ಕೊಟ್ಟ. ದುಗ್ಗಪ್ಪ ಬಹಳ ಸೊರಗಿದ್ದ. ಫೋಟೊ ನೋಡಿ, ಚಂದ್ರಯ್ಯನ ಮುಖ ನೋಡಿ, ತಲೆ ತಗ್ಗಿಸಿದ.

"ನಿಂಗೆ ಗೊತ್ತಿತ್ತು" ಎಂದ ಚಂದ್ರಯ್ಯ.

"ನಾನೇ ಕಟ್ಟಿದ ಗಂಟೆ ಅಲ್ವಾ ಅಯ್ಯ. ದಿನಾ ಆ ಮರ ಬಳಸ್ಕಂಡೇ ಹೋಗ್ತಿದ್ದೆ. ಅವತ್ತು ಮಂಜಿನಲ್ಲಿ ದಿಕ್ಕು ತಪ್ತು. ನೀರೂ ಎರಡು ಮೊಳ ಇಳಿದಿತ್ತು. ನಂದೂ ತಪ್ಪದೆ."

"ಯಾವ ಮರ ಅಂತ ಪೊಲೀಸರಿಗೆ ಯಾಕೆ ಹೇಳಲಿಲ್ಲ? ಜಾಗ ಹೇಳಿದ್ರೆ ಊರವರೇ ಸಾಕ್ಷಿ ಹೇಳ್ತಿದ್ರು."

ದುಗ್ಗಪ್ಪ ಸರಳು ಹಿಡಿದುಕೊಂಡ. "ಹೆಂಡ್ತಿ ಕಳ್ಕಂಡು ಕೂತಿದ್ರಿ. ನಿಮ್ ಮರಾನೇ ಅಮ್ಮನ್ನ ತಗಂತು ಅಂತ ಯಾವ ಬಾಯಲ್ಲಿ ಹೇಳ್ಲಿ ಅಯ್ಯ? ಈಗ್ಲೂ ಅಷ್ಟೆ. ಗಂಟೆ ಇರೋ ಕಡೆ ಕತ್ತರಿಸಿ ಕೊಡಿ. ನಂಗೆ ತೂತು ಕಂಡ್ರೆ ಸಾಕು."

ಒಬ್ಬ ಮನುಷ್ಯ ಎರಡು ತಿಂಗಳು ಜೈಲಿನಲ್ಲಿ ಕೊಳೆತು, ತನ್ನ ಮೇಲೆ ಕತ್ತಿ ಮಸೆಯುತ್ತಿದ್ದವನಿಗೆ ನೋವಾದೀತೆಂದು ಬಾಯಿ ಮುಚ್ಚಿಕೊಂಡಿದ್ದ. ಚಂದ್ರಯ್ಯನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಆದರೂ ಏನು ಮಾಡಿದ ಗೊತ್ತೆ? ಸ್ಟುಡಿಯೊಗೆ ಬಂದು ಎಡಭಾಗ ಬಿಟ್ಟು, ತೂತು ಮತ್ತು ಕೊಂಬೆ ಮಾತ್ರ ಕಾಣುವಂತೆ ಹೊಸ ಪ್ರಿಂಟು ಹಾಕಿ ಲಾಯರಿಗೆ ಕೊಟ್ಟ.

ಹದಿನೈದು ದಿನಕ್ಕೆ ದುಗ್ಗಪ್ಪನ ಬಿಡುಗಡೆಯಾಯಿತು. ಸುದ್ದಿ ಕೇಳಿ ಯಮುನಮ್ಮ ಅಡಿಗೆ ಬಿಟ್ಟು ಹೊರಗೆ ಬಂದಳು.

"ಬಿಟ್ಟುಬಿಟ್ರಂತಲ್ಲ! ನೀವೇ ಫೋಟೊ ಕೊಟ್ರಂತೆ! ಹೌದಾ?"

"ಹೌದು ಅತ್ತೆಮ್ಮ. ಅವನ ತಪ್ಪಲ್ಲ. ಮರ ಹೊಡೆದದ್ದೇ ನಿಜ."

"ಎಲ್ಲಿ, ತೋರ್ಸಿ."

ಚಂದ್ರಯ್ಯ ಕತ್ತರಿಸಿದ ಫೋಟೊದ ಇನ್ನೊಂದು ಪ್ರತಿ ತಂದುಕೊಟ್ಟ. ಯಮುನಮ್ಮ ಅದನ್ನು ಹೊಸ್ತಿಲ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಹಿಡಿದು ನೋಡಿದಳು. ಬೆರಳಿನಿಂದ ಕೊಂಬೆಯನ್ನು ಉದ್ದಕ್ಕೂ ಸವರಿದಳು. ಇಷ್ಟು ದಿನ ದುಗ್ಗಪ್ಪನಿಗೆ ಹಾಕಿದ ಶಾಪವೆಲ್ಲ ಅವಳ ಬಾಯಲ್ಲಿ ದಿಕ್ಕಿಲ್ಲದೆ ನಿಂತಿತು. ಆಮೇಲೆ ಅದಕ್ಕೆ ದಿಕ್ಕು ಸಿಕ್ಕಿತು.

"ಎಲ್ಲಾ ಮರ ಕಡ್ದು, ಇದೊಂದನ್ನ ಯಾವ ಪಾಪಿ ನಿಲ್ಸಿದ? ಅವನ ಕೈ ಸೇದ್ಹೋಗ್ಲಿ. ನನ್ ಮಗಳನ್ನ ತಿಂದನಲ್ಲ, ಅವನ ಮನೇಲಿ ದೀಪ ಹಚ್ಚೋಕೆ ಒಂದು ಕುಡಿ ಇಲ್ದಂಗಾಗ್ಲಿ!"

ಆ ಶಾಪ ಫಲಿಸಲು ಕಾಯಬೇಕಾಗಿರಲಿಲ್ಲ, ಚಂದ್ರಯ್ಯನ ಮನೆಯಲ್ಲಿ ಕುಡಿ ಹುಟ್ಟಿಯೇ ಇರಲಿಲ್ಲ. ಸುಮ್ಮನಿದ್ದರೆ ಇದೂ ಒಂದು ದಿನ ಅಭ್ಯಾಸವಾಗಿ, ಬೆಳಿಗ್ಗೆ ಒಲೆ ಹಚ್ಚುವಾಗ, ರಾತ್ರಿ ದೀಪ ಆರಿಸುವಾಗ ಕೇಳಿಕೊಂಡು ಇದ್ದುಬಿಡಬಹುದಿತ್ತು. ಆಕೆ ಯಾರನ್ನು ಬೈಯುತ್ತಿದ್ದಾಳೆಂದು ಆಕೆಗೆ ಎಂದೂ ತಿಳಿಯುತ್ತಿರಲಿಲ್ಲ. ಆದರೆ ಗೊತ್ತಿದ್ದೂ ಎರಡು ತಿಂಗಳು ಬಾಯಿ ಬಿಡದ ದುಗ್ಗಪ್ಪನ ಮುಖ ಚಂದ್ರಯ್ಯನ ಕಣ್ಣಿಗೆ ಕಟ್ಟಿತ್ತು.

"ನಮ್ದೇ ಮರ ಅತ್ತೆಮ್ಮ" ಎಂದ. "ನಮ್ಮ ಚೌಡಿ ಮರ."

ಯಮುನಮ್ಮನ ಕೈ ಫೋಟೊದ ಮೇಲೆ ನಿಂತಿತು. ಬೇರೆ ಯಾರದೋ ದನಿ ಎಂಬಷ್ಟು ಸಣ್ಣ ದನಿಯಲ್ಲಿ ಕೇಳಿದಳು:

"ಯಾಕೆ ಕಡೀಲಿಲ್ಲ?"

ನಿಮ್ಮ ಮಗಳು ಕಾಲು ಹಿಡಿದಳು ಎಂಬ ಮಾತು ಗಂಟಲವರೆಗೆ ಬಂತು. ಅದೊಂದು ಮಾತಿನಿಂದ ಅವನ ಅರ್ಧ ಭಾರ ಇಳಿಯುತ್ತಿತ್ತು. ಎದುರಿಗೆ ನಿಂತ ಮುದುಕಿ, ತನ್ನ ಮಗಳು ತನ್ನ ಸಾವನ್ನು ತಾನೇ ಬೇಡಿಕೊಂಡಳೆಂದು ಸಾಯುವತನಕ ನೆನೆಯಬೇಕಾಗುತ್ತಿತ್ತು.

"ನಾನೇ ಬೇಡ ಅಂದೆ. ಅವಳು ಕಡೀರಿ ಅಂತಾನೇ ಹೇಳಿದ್ಳು" ಎಂದ ಚಂದ್ರಯ್ಯ.

ಯಮುನಮ್ಮ ಬೈಯಲಿಲ್ಲ. ಒಳಗೆ ಹೋಗಿ ತನ್ನ ಎರಡು ಸೀರೆ, ಎಲೆಯಡಿಕೆ ಚೀಲ ಟ್ರಂಕಿಗೆ ಹಾಕಿಕೊಂಡಳು. ಒಲೆಯ ಮೇಲಿದ್ದ ಅನ್ನ ಇಳಿಸಿ, ಬೆಂಕಿ ಎಳೆದಳು. ತೀರ್ಥಹಳ್ಳಿಯ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಬಸ್‌ಸ್ಟ್ಯಾಂಡಿನವರೆಗೆ ಟ್ರಂಕು ಹೊರುತ್ತೇನೆಂದು ಚಂದ್ರಯ್ಯ ಕೈ ಚಾಚಿದ. ಆಕೆ ಕೊಡಲಿಲ್ಲ. ಟ್ರಂಕು ಸೊಂಟಕ್ಕಿಟ್ಟುಕೊಂಡು, ಎರಡು ಕಡೆ ನಿಂತು ಸುಧಾರಿಸಿಕೊಂಡು, ಪೇಟೆಯ ಬೀದಿಯಲ್ಲಿ ಒಬ್ಬಳೇ ನಡೆದುಹೋದಳು.